ಎರವಲು ಕುದುರೆಯ ಅಂಕ



ಒಬ್ಬರು ಸಾಕಿದ, ಇನ್ನೊಬ್ಬರು ಕಲಿಸಿದ, ವಾರಕ್ಕೆ ಹತ್ತಾರು ಮಂದಿ ಹತ್ತಿ ಇಳಿಯುವ ಕುದುರೆಯ ಮೇಲೆ ಕುಳಿತು ನೀವು ಸ್ಪರ್ಧೆಗೆ ಹೋದಿರಿ ಎನ್ನೋಣ. ಒಳ್ಳೆಯ ಅಂಕ ಬಂತು. ಆ ಅಂಕ ಯಾರದು? ನಿಮ್ಮದೋ, ಕುದುರೆಯದೋ, ಅದಕ್ಕೆ ಕಲಿಸಿದವರದೋ?

ಕುದುರೆ ಸವಾರಿಗೂ ನಮಗೂ ಏನು ಸಂಬಂಧ ಎಂದು ಕೇಳುವವರಿರಬಹುದು. ನಮ್ಮಲ್ಲಿ ಹೆಚ್ಚಿನವರು ಕುದುರೆಯನ್ನು ಹತ್ತಿರದಿಂದ ನೋಡಿರುವುದು ಊಟಿ ಕೆರೆಯ ಬಳಿ ಮಾತ್ರ. ಅಲ್ಲಿ ಪ್ರವಾಸಿಗರನ್ನು ಕೂರಿಸಿಕೊಂಡು, ಮಾಲೀಕ ಹಿಡಿದ ಹಗ್ಗದ ಹಿಂದೆ ಅದು ನಡೆಯುತ್ತದೆ. ಬೆನ್ನ ಮೇಲಿನ ಮನುಷ್ಯ ಗಳಿಗೆಗೊಮ್ಮೆ ಬದಲಾಗುತ್ತಾನೆ, ಕುದುರೆ ಅದೇ. ನಾನು ಹೇಳಹೊರಟಿರುವ ಕುದುರೆ ಬೇರೆ ದೇಶದ್ದು, ಹೆಚ್ಚು ಕಲಿತದ್ದು. ಆದರೆ ಅದರ ಪಾಡೂ ಇದಕ್ಕೆ ತೀರ ದೂರವಲ್ಲ.

ಡ್ರೆಸಾಜ್ ಎಂಬ ಆಟದ ಹೆಸರು 2023ರಲ್ಲಿ ನಮ್ಮ ಪತ್ರಿಕೆಗಳಲ್ಲಿ ಬಂದಿತ್ತು. ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಸುದೀಪ್ತಿ ಹಜೇಲಾ, ದಿವ್ಯಕೃತಿ ಸಿಂಗ್, ಹೃದಯ್ ಛೇಡಾ, ಅನುಷ್ ಅಗರ್‌ವಾಲಾ ಅವರ ತಂಡ ಚಿನ್ನ ಗೆದ್ದಿತು. ಕುದುರೆ ಸವಾರಿಯಲ್ಲಿ 1982ರ ದೆಹಲಿ ಕೂಟದ ಬಳಿಕ ಭಾರತಕ್ಕೆ ಬಂದ ಮೊದಲ ಚಿನ್ನ ಅದು. ಈ ಆಟದಲ್ಲಿ ಓಟದ ಪಂದ್ಯವಿಲ್ಲ, ಬೇಲಿ ಹಾರುವುದೂ ಇಲ್ಲ. 20 ಮೀಟರ್ ಅಗಲ, 40 ಅಥವಾ 60 ಮೀಟರ್ ಉದ್ದದ ಅಂಗಳ, ಸುತ್ತಲೂ ಇಂಗ್ಲಿಷ್ ಅಕ್ಷರಗಳ ಫಲಕ. ಸವಾರರು 'ಎ' ಕಡೆಯಿಂದ ಒಳಬಂದು, ನಿಂತು, 'ಸಿ' ಹತ್ತಿರ ಕುಳಿತ ತೀರ್ಪುಗಾರರಿಗೆ ತಲೆಬಾಗಿ ವಂದಿಸುತ್ತಾರೆ. ಆಮೇಲೆ ಗೊತ್ತುಪಡಿಸಿದ ಕ್ರಮದಲ್ಲಿ ನಡಿಗೆ, ಟ್ರಾಟ್, ಕ್ಯಾಂಟರ್, ವೃತ್ತ, ತಿರುವು, ನಿಲುವು. ಪ್ರತಿಯೊಂದಕ್ಕೂ ಸೊನ್ನೆಯಿಂದ ಹತ್ತರವರೆಗೆ ಅಂಕ. ಹತ್ತು ಎಂದರೆ ಅತ್ಯುತ್ತಮ, ಸೊನ್ನೆ ಎಂದರೆ ಮಾಡಲೇ ಇಲ್ಲ. ಅಂತರರಾಷ್ಟ್ರೀಯ ನಿಯಮದಲ್ಲಿ ಕುದುರೆಯೊಡನೆ ಬಾಯಿಬಿಟ್ಟು ಮಾತಾಡಿದರೂ ತಪ್ಪು. ಹೇಳುವುದನ್ನೆಲ್ಲ ಸೊಂಟದಿಂದ, ಕಾಲಿನಿಂದ, ಬೆರಳ ತುದಿಯ ಲಗಾಮಿನಿಂದ ಹೇಳಬೇಕು.

ಬ್ರಿಟನ್, ಜರ್ಮನಿ, ಅಮೆರಿಕಗಳಲ್ಲಿ ಈ ಆಟ ಆಡುವವರೆಲ್ಲ ಒಲಿಂಪಿಕ್ ಕನಸಿನವರಲ್ಲ. ಹುಡುಗಿಯಾಗಿದ್ದಾಗ ಸವಾರಿ ಕಲಿತು, ಓದು, ಉದ್ಯೋಗ, ಮಕ್ಕಳು ಎಂದು ಬಿಟ್ಟು, ನಲವತ್ತು ದಾಟಿದ ಮೇಲೆ ಮತ್ತೆ ಬರುವವರು ಬಹಳ. ಸ್ವಂತ ಕುದುರೆ ಸಾಕುವಷ್ಟು ಹಣವೂ ಇಲ್ಲ, ಸಮಯವೂ ಇಲ್ಲ. ವಾರಕ್ಕೊಂದು ಪಾಠ, ಅದೂ ಸವಾರಿ ಶಾಲೆಯ ಕುದುರೆಯ ಮೇಲೆ. ಒಂದು ದಿನ ಧೈರ್ಯಮಾಡಿ ಅದೇ ಕುದುರೆಯೊಡನೆ ಚಿಕ್ಕ ಸ್ಪರ್ಧೆಗೆ ಹೆಸರು ಕೊಡುತ್ತಾರೆ. ಬ್ರಿಟನ್ನಿನಲ್ಲಿ ಇಂಥವರಿಗೆಂದೇ ಬರೀ ನಡಿಗೆ ಮತ್ತು ಟ್ರಾಟ್ ಇರುವ ಆರಂಭದ ಹಂತವಿದೆ. ಕ್ರಮ ಮರೆತುಹೋಗುವ ಭಯವಿದ್ದರೆ ಸ್ನೇಹಿತೆಯೊಬ್ಬಳು ಅಂಗಳದ ಪಕ್ಕ ನಿಂತು ಗಟ್ಟಿಯಾಗಿ ಓದಿ ಹೇಳಬಹುದು. ಅಮೆರಿಕದಲ್ಲಂತೂ ಸವಾರರ ವಯಸ್ಸು, ಕುದುರೆಯ ವಯಸ್ಸು ಎರಡೂ ಕೂಡಿ ನೂರಾದರೆ ಗೌರವಿಸುವ ಒಂದು ಕೂಟವೇ ಇದೆ. ಆ ಲೆಕ್ಕ ನನಗೆ ತುಂಬ ಹಿಡಿಸಿತು.

ಈಗ ಪ್ರಶ್ನೆಗೆ ಬರೋಣ. ಎರವಲು ವಸ್ತುವಿನಿಂದ ಬಂದ ಅಂಕ ನಮ್ಮದಲ್ಲ ಎನ್ನುವುದಾದರೆ ನನ್ನ ಬಿಎಸ್ಸಿ ಪ್ರಾಕ್ಟಿಕಲ್ ಅಂಕಗಳೂ ನನ್ನವಲ್ಲ. ಮೈಕ್ರೋಸ್ಕೋಪು ಕಾಲೇಜಿನದು, ಸ್ಲೈಡು ಅಟೆಂಡರ್ ಎತ್ತಿಟ್ಟದ್ದು. ಆದ್ದರಿಂದ ಎರವಲಿನಲ್ಲೇ ದೋಷವಿಲ್ಲ. ಆದರೆ ಹೋಲಿಕೆ ಅಲ್ಲಿಗೇ ನಿಲ್ಲುತ್ತದೆ. ನನ್ನ ಹಿಂದಿನ ವಿದ್ಯಾರ್ಥಿ ಸರಿಯಾಗಿ ನೋಡಿದನೋ ತಪ್ಪಾಗಿ ನೋಡಿದನೋ, ಮೈಕ್ರೋಸ್ಕೋಪು ಅದನ್ನು ನೆನಪಿಟ್ಟುಕೊಳ್ಳುವುದಿಲ್ಲ. ಕುದುರೆ ನೆನಪಿಟ್ಟುಕೊಳ್ಳುತ್ತದೆ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಕುದುರೆಯ ಚರ್ಮದ ಮೇಲೆ ನೊಣ ಕೂತರೂ ಅದಕ್ಕೆ ಗೊತ್ತಾಗುತ್ತದೆ, ಅಷ್ಟೇ ಜಾಗದ ಚರ್ಮವನ್ನು ಅದುರಿಸಿ ಓಡಿಸುತ್ತದೆ. ಅಂಥ ಪ್ರಾಣಿಗೆ ಕಾಲಿನಿಂದ ಮೆಲ್ಲಗೆ ಒತ್ತಿದರೆ ಸಾಕು, ಮುಂದೆ ಹೋಗುತ್ತದೆ. ಹೋದ ಕೂಡಲೇ ಒತ್ತುವುದನ್ನು ಬಿಡಬೇಕು. ಬಿಟ್ಟದ್ದರಿಂದಲೇ ತಾನು ಮಾಡಿದ್ದು ಸರಿ ಎಂದು ಕುದುರೆ ಕಲಿಯುವುದು. ಹೊಸಬರು ಏನು ಮಾಡುತ್ತಾರೆ? ಬೀಳುವ ಭಯದಲ್ಲಿ ಕಾಲನ್ನು ಬಿಗಿಹಿಡಿದೇ ಇರುತ್ತಾರೆ, ಲಗಾಮನ್ನು ಹಿಡಿಕೆಯಂತೆ ಎಳೆದೇ ಇರುತ್ತಾರೆ. ಕುದುರೆ ಮುಂದೆ ಹೋದರೂ ಒತ್ತು, ನಿಂತರೂ ಒತ್ತು. ಉತ್ತರ ಕೊಟ್ಟರೂ ಪ್ರಶ್ನೆ ನಿಲ್ಲದಿದ್ದರೆ ಯಾರಾದರೂ ಉತ್ತರ ಕೊಡುವುದನ್ನು ಬಿಡುತ್ತಾರೆ. ಕುದುರೆಯೂ ಬಿಡುತ್ತದೆ. ಹ್ಯಾಬಿಚುಯೇಶನ್ ಎಂದು ಪಠ್ಯದಲ್ಲಿ ಓದಿದ್ದು ಇದನ್ನೇ. ಜನ ಮಾತ್ರ 'ಈ ಶಾಲೆ ಕುದುರೆ ಸೋಮಾರಿ, ಬಾಯಿ ಗಟ್ಟಿ' ಎನ್ನುತ್ತಾರೆ.

ಮತ್ತೆ ಯೋಚಿಸಿ, ಅದು ಕಲಿತದ್ದು ಒಂದೇ ಭಾಷೆ, ಕೇಳಬೇಕಾಗಿರುವುದು ನೂರು ಮಂದಿಯ ಉಚ್ಚಾರಣೆ. ಒಂದೇ ಪ್ರಾರ್ಥನೆಯನ್ನು ತಮಿಳು, ಮಲಯಾಳ, ಕನ್ನಡಗಳಲ್ಲಿ ಕೇಳಿ ಬೆಳೆದ ನಮ್ಮಂಥವರಿಗೆ ಆ ಶ್ರಮ ಅರ್ಥವಾದೀತು. ನೂರರ ನಡುವೆಯೂ ಒಬ್ಬರು ಸರಿಯಾಗಿ ಕೇಳಿದಾಗ ಹಳೆಯ ಕುದುರೆ ಥಟ್ಟನೆ ಉತ್ತರಿಸುತ್ತದಂತಲ್ಲ, ಅದನ್ನು ತಾಳ್ಮೆ ಎನ್ನದೆ ಇನ್ನೇನೆಂದು ಕರೆಯುವುದು?

ಹೀಗಿರುವಾಗ ಮರಳಿ ಬಂದ ಸವಾರರಿಗೆ ಹೊಸಬರಿಗಿಲ್ಲದ ಒಂದು ಅಪಾಯವಿದೆ. ಅವರಿಗೆ ತಮ್ಮ ಹಳೆಯ ದಿನ ನೆನಪಿದೆ. ಹದಿನೆಂಟರಲ್ಲಿ ಬಂದ ಅಂಕ ನೆನಪಿದೆ. ಸೊಂಟ ಈಗ ಆಗಿನಂತೆ ಬಾಗದು, ಆದರೆ ಮನಸ್ಸು ಆಗಿನ ಫಲವನ್ನೇ ಕೇಳುತ್ತದೆ. ಆ ಎರಡರ ನಡುವಿನ ಅಂತರವನ್ನು ತುಂಬಿಕೊಡು ಎಂದು ಕುದುರೆಯ ಮೇಲೆ ಹೇರುವುದು ಬಹಳ ಸುಲಭ. ನನ್ನ ದೃಷ್ಟಿಯಲ್ಲಿ ಇಡೀ ವಿಷಯದಲ್ಲಿ ನಿಜವಾದ ನೈತಿಕ ಪ್ರಶ್ನೆ ಇದು. ಅಂಕ ಯಾರದೆನ್ನುವುದು ಇದರ ಮುಂದೆ ಚಿಕ್ಕದು.

ಡೆನ್ಮಾರ್ಕಿನ ಲಿಸ್ ಹಾರ್ಟೆಲ್ ಅವರ ವಿಷಯ ಇಲ್ಲಿ ನೆನೆಯಬೇಕು. 1944ರಲ್ಲಿ ಗರ್ಭಿಣಿಯಾಗಿದ್ದಾಗ ಪೋಲಿಯೊ ಬಂತು, ಮೊಣಕಾಲಿನ ಕೆಳಗೆ ಶಕ್ತಿ ಮರಳಲಿಲ್ಲ. ಕುದುರೆ ಹತ್ತಲೂ ಇಳಿಯಲೂ ಇನ್ನೊಬ್ಬರು ಬೇಕಿತ್ತು. ಕಾಲಿನಿಂದ ಹೇಳುವಂತಿಲ್ಲವಾದ್ದರಿಂದ ಮೈಭಾರದಿಂದ, ಬೆನ್ನಿನಿಂದ ಹೇಳಲು ಅವರೂ ಕಲಿತರು, ಕೇಳಲು ಜ್ಯೂಬಿಲಿ ಎಂಬ ಕುದುರೆಯೂ ಕಲಿಯಿತು. 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಮೊದಲ ಬಾರಿಗೆ ಹೆಂಗಸರಿಗೆ ಡ್ರೆಸಾಜ್ ಅಂಗಳ ತೆರೆದಾಗ, ಗಂಡಸರೊಡನೆ ಸ್ಪರ್ಧಿಸಿ ಬೆಳ್ಳಿ ಗೆದ್ದರು. ಅವರು ಮರಳಿದ್ದು ತಮ್ಮ ಹಳೆಯ ದೇಹವನ್ನು ಹುಡುಕಿಕೊಂಡು ಅಲ್ಲ. ಇದ್ದ ದೇಹದಿಂದಲೇ ಹೊಸದಾಗಿ ಶುರುಮಾಡಿದರು.

ಇದಕ್ಕೆ ವಿರುದ್ಧವಾದ ಚಿತ್ರವನ್ನೂ ಲೋಕ ನೋಡಿದೆ. 2021ರ ಆಗಸ್ಟ್‌ನಲ್ಲಿ ಟೋಕಿಯೊ ಒಲಿಂಪಿಕ್ಸ್, ಮಾಡರ್ನ್ ಪೆಂಟಾಥ್ಲಾನ್. ಇದರಲ್ಲಿ ಸವಾರಿಯೆಂದರೆ ಬೇಲಿ ಹಾರುವುದು, ಅದೂ ಚೀಟಿ ಎತ್ತಿ ಸಿಕ್ಕಿದ ಅಪರಿಚಿತ ಕುದುರೆಯ ಮೇಲೆ, ಇಪ್ಪತ್ತು ನಿಮಿಷದ ಪರಿಚಯದಲ್ಲಿ. ಮುಂಚೂಣಿಯಲ್ಲಿದ್ದ ಜರ್ಮನಿಯ ಸ್ಪರ್ಧಿಗೆ ಸಿಕ್ಕಿದ್ದು ಸೇಂಟ್ ಬಾಯ್. ಆಗಲೇ ಇನ್ನೊಬ್ಬ ಸವಾರಳ ಕೈಯಲ್ಲಿ ಹಾರಲು ಒಲ್ಲೆನೆಂದಿದ್ದ ಕುದುರೆ. ಅದು ಮತ್ತೆ ಒಲ್ಲೆನೆಂದಿತು. ಆಕೆ ಅಳುತ್ತ ಚಾಟಿ ಬೀಸಿದರು, ಕೋಚ್ ಹೊರಗಿನಿಂದ ಮುಷ್ಟಿಯಿಂದ ಗುದ್ದಿದರು. ನಾನು ಆ ಹುಡುಗಿಯನ್ನು ಸುಲಭವಾಗಿ ದೂರಲಾರೆ. ವರ್ಷಗಳ ದುಡಿಮೆ ಕಣ್ಣೆದುರೇ ಕರಗುತ್ತಿತ್ತು. ಆದರೂ ಆ ಹೊತ್ತಿಗೆ ಕುದುರೆ ಅವಳಿಗೆ ಜೀವವಾಗಿ ಉಳಿದಿರಲಿಲ್ಲ, ಅಡ್ಡಿಯಾಗಿತ್ತು. ಸಂಖ್ಯಾಕಾಂಡದ ಬಿಳಾಮನೂ ತನ್ನ ಕತ್ತೆಯನ್ನು ಹೊಡೆದದ್ದು ಹೀಗೆಯೇ, ಮೂರು ಬಾರಿ. ದಾರಿಯಲ್ಲಿ ನಿಂತಿದ್ದ ದೂತ ಕತ್ತೆಗೆ ಕಂಡಿದ್ದ, ಪ್ರವಾದಿಗೆ ಕಂಡಿರಲಿಲ್ಲ. 2024ರ ಪ್ಯಾರಿಸ್ ಬಳಿಕ ಪೆಂಟಾಥ್ಲಾನ್‌ನಿಂದ ಕುದುರೆಯನ್ನೇ ತೆಗೆದುಹಾಕಿದ್ದಾರೆ.

ಹಾಗಾದರೆ ಕುದುರೆಯನ್ನು ಹತ್ತದೆ ಇರುವುದೇ ಸರಿಯಲ್ಲವೇ ಎಂದು ನಮ್ಮ ಯುವಕೂಟದ ಕೆಲವರಾದರೂ ಕೇಳುತ್ತಾರೆ. ಒಪ್ಪಿಗೆ ಕೊಡಲಾಗದ ಪ್ರಾಣಿಯನ್ನು ನಮ್ಮ ಸಂತೋಷಕ್ಕೆ ದುಡಿಸುವುದು ಯಾವ ನ್ಯಾಯ? ಪ್ರಶ್ನೆ ತೂಕದ್ದೇ. ಪ್ಯಾರಿಸ್ ಒಲಿಂಪಿಕ್ಸ್ ಹೊಸ್ತಿಲಲ್ಲೇ, ಡ್ರೆಸಾಜ್‌ನಲ್ಲಿ ಮೂರು ಚಿನ್ನ ಗೆದ್ದಿದ್ದ ಬ್ರಿಟನ್ನಿನ ಶಾರ್ಲಟ್ ಡುಜಾರ್ಡಿನ್ ತರಬೇತಿಯಲ್ಲಿ ಕುದುರೆಯ ಕಾಲಿಗೆ ಚಾಟಿಯಿಂದ ಮತ್ತೆ ಮತ್ತೆ ಹೊಡೆದ ವಿಡಿಯೊ ಹೊರಬಂದು, ಸ್ಪರ್ಧೆಯಿಂದ ಹಿಂದೆ ಸರಿದರು, ಒಂದು ವರ್ಷ ನಿಷೇಧವೂ ಆಯಿತು. ಬಲವಂತದಿಂದ ಮಾಡಿಸಿದ್ದರಲ್ಲಿ ಅಂದವಿಲ್ಲವೆಂದು ಗ್ರೀಸಿನ ಕ್ಸೆನೊಫೋನ್ ಕ್ರಿಸ್ತಪೂರ್ವ ನಾಲ್ಕನೇ ಶತಮಾನದಲ್ಲೇ ಬರೆದಿದ್ದ. ಗೊತ್ತಿಲ್ಲದೆ ನಡೆದದ್ದೇನೂ ಅಲ್ಲ. ಆದರೂ ಸವಾರಿಯನ್ನೇ ಬಿಡಬೇಕೆಂಬ ಮಾತು ನನಗೆ ಪೂರ್ತಿ ಒಪ್ಪಿಗೆಯಾಗುವುದಿಲ್ಲ. ಸವಾರಿ ಶಾಲೆಯ ಕುದುರೆಗೆ ಹುಲ್ಲು, ಲಾಳ, ವೈದ್ಯರ ಖರ್ಚು ಬರುವುದು ಪಾಠದ ಶುಲ್ಕದಿಂದಲೇ, ಪಾಠ ನಿಂತರೆ ಅದನ್ನು ಹುಲ್ಲುಗಾವಲಿಗೆ ಬಿಟ್ಟು ಸಾಕುವವರು ಎಲ್ಲರೂ ಅಲ್ಲ. ಅದಕ್ಕಿಂತ ಮುಖ್ಯವಾಗಿ, ಕುದುರೆಗೆ ಬೇಡವೆನ್ನಲು ಬರುತ್ತದೆ. ಕಿವಿ ಹಿಂದಕ್ಕೆ ಮಡಚುತ್ತದೆ, ಬಾಲ ಬೀಸುತ್ತದೆ, ಬೆನ್ನು ಬಿಗಿಯುತ್ತದೆ, ಹೆಜ್ಜೆ ಕಿರಿದಾಗುತ್ತದೆ. ಒಪ್ಪಿಗೆ ಇಲ್ಲವೆನ್ನುವುದಕ್ಕಿಂತ ಅದರ ಮಾತನ್ನು ನಾವು ಲೆಕ್ಕಕ್ಕೆ ಹಿಡಿಯುವುದಿಲ್ಲ ಎನ್ನುವುದು ಹೆಚ್ಚು ನಿಜ.

ಹಾಗಾಗಿ ಎರವಲು ಪಡೆದವರ ಋಣ ಬಾಡಿಗೆ ಕೊಟ್ಟಲ್ಲಿಗೆ ತೀರಿತು ಎನ್ನಲಾರೆ. ಅದು ತೀರುವುದು, ತೀರುವುದಾದರೆ, ಸಣ್ಣ ಕೆಲಸಗಳಲ್ಲಿ. ಸ್ಪರ್ಧೆಯ ಬೆಳಗ್ಗೆ ಅಂಗಳದ ಹೊರಗೆ ಓಡಿಸಿ ನೋಡುವಾಗ ಕುದುರೆಯ ಹೆಜ್ಜೆ ಒಂದು ಕಾಲಲ್ಲಿ ಸ್ವಲ್ಪ ಕುಗ್ಗಿದಂತೆ ಕಂಡಿತು ಎನ್ನಿ. ಶುಲ್ಕ ಕಟ್ಟಿಯಾಗಿದೆ, ಮನೆಯವರು ಕ್ಯಾಮೆರಾ ಹಿಡಿದು ನಿಂತಿದ್ದಾರೆ, ಬಿಳಿ ಪ್ಯಾಂಟು ಹೊಲಿಸಿಯಾಗಿದೆ, ಇಪ್ಪತ್ತೈದು ವರ್ಷ ಕಾದ ದಿನ. ಐದು ನಿಮಿಷದ ಕೆಲಸ, ಯಾರಿಗೂ ಗೊತ್ತಾಗದಿರಬಹುದು. ಆಗ ಕೆಳಗಿಳಿದು, ಇವತ್ತು ಬೇಡ ಎನ್ನುವವರಿಗೆ ಯಾವ ತೀರ್ಪುಗಾರರೂ ಅಂಕ ಕೊಡುವುದಿಲ್ಲ. ಆ ಹಾಳೆಯಲ್ಲಿ ಅದಕ್ಕೆ ಕಾಲಮ್ಮೇ ಇಲ್ಲ.

ಎಲ್ಲ ಸರಿಯಿದ್ದ ದಿನ, ಕೊನೆಯ ವಂದನೆಯಾದ ಮೇಲೆ ಲಗಾಮನ್ನು ಉದ್ದ ಬಿಟ್ಟು, ಕುದುರೆ ಕತ್ತು ಚಾಚಿಕೊಳ್ಳಲು ಬಿಟ್ಟು, ನಡಿಗೆಯಲ್ಲೇ ಹೊರಗೆ ಹೋಗುವುದು ಕ್ರಮ. ಅಂಕದ ಹಾಳೆಯಲ್ಲಿ ಸವಾರರ ಹೆಸರಿನ ಜೊತೆ ಕುದುರೆಯ ಹೆಸರೂ ಇರುತ್ತದೆ. ಹಾಳೆ ಮನೆಗೆ ಹೋಗಿ ಫ್ರಿಡ್ಜಿನ ಬಾಗಿಲಿಗೆ ಅಂಟಿಕೊಳ್ಳುತ್ತದೆ. ಕುದುರೆ ಲಾಯಕ್ಕೆ ಹೋಗುತ್ತದೆ. ಮಂಗಳವಾರ ಸಂಜೆ ಎಂಟು ವರ್ಷದ ಮಗುವೊಂದು ಹೆಲ್ಮೆಟ್ ಬಿಗಿದುಕೊಂಡು ಬರುತ್ತದೆ, ಅದರ ಪುಟ್ಟ ಕಾಲು ಮೆಲ್ಲಗೆ ಒತ್ತುತ್ತದೆ.