ಬುಧವಾರದ ಮನ್ನ

ಆದಿತ್ಯವಾರದ ಆರಾಧನೆಯಲ್ಲಿ ಹೊಂದಿದ ಸಮಾಧಾನವು ವಾರದ ನಡುವೆ ಎಲ್ಲಿ ಹೋಗುತ್ತದೆ? ಸೋಮವಾರ ಹೊಲಕ್ಕೆ ಹೊರಡುವವನ ಬಾಯಲ್ಲಿ ಕೀರ್ತನೆಯಿರುತ್ತದೆ. ಬುಧವಾರದೊಳಗೆ ಅದು ನಿಂತುಹೋಗಿರುತ್ತದೆ. ಕೂಲಿಯು ಕೈಗೆ ಬರುವದಕ್ಕೆ ಇನ್ನೂ ಮೂರು ದಿನಗಳಿವೆ, ಸಾಲದ ಕಂತನ್ನು ಶುಕ್ರವಾರ ಕಟ್ಟಬೇಕು, ಮಳೆಯ ಗುರುತಿಲ್ಲ, ಮಗುವಿನ ಕೆಮ್ಮು ನಿಂತಿಲ್ಲ. ಚಾಪೆಯ ಮೇಲೆ ಮಲಗಿದವನು ಇನ್ನೂ ಬಾರದ ದಿನಗಳ ಲೆಕ್ಕವನ್ನು ಮಾಡುತ್ತಾ ಬೆಳಗು ಮಾಡುತ್ತಾನೆ. ನಾಳೆಯ ವಿಷಯವಾಗಿ ಚಿಂತಿಸಬಾರದೆಂದು ಕರ್ತನು ಬೆಟ್ಟದ ಮೇಲೆ ಬೋಧಿಸಿದನಷ್ಟೆ. ಇಂಥವನಿಂದ ಅದು ಆಗುವ ಮಾತೋ?

ಇದಕ್ಕೆ ವಿಮೋಚನಕಾಂಡದ 16ನೆಯ ಅಧ್ಯಾಯವು ಬೆಳಕು ಕೊಡುತ್ತದೆ. ಐಗುಪ್ತದಿಂದ ಹೊರಟ ಇಸ್ರಾಯೇಲ್ಯರು ಸೀನ್ ಮರುಭೂಮಿಯಲ್ಲಿ ಹಸಿದು ಗುಣುಗುಟ್ಟಿದಾಗ ದೇವರು ಅವರಿಗೆ ಮನ್ನವನ್ನು ಕೊಟ್ಟನು. ದಿನವೊಂದಕ್ಕೆ ತಲೆಗೆ ಒಂದು ಓಮೆರ್, ಅಂದರೆ ಸುಮಾರು 2 ಲೀಟರಿನಷ್ಟು. ನಾಳೆ ಸಿಕ್ಕುವದೋ ಇಲ್ಲವೋ ಎಂದು ಹೆದರಿ ಉಳಿಸಿಟ್ಟವರ ಪಾತ್ರೆಯಲ್ಲಿ ಬೆಳಿಗ್ಗೆ ಹುಳ ಬಿದ್ದು ನಾತವೆದ್ದಿತು. ವಾರದ ನಡುವಿನ ದಿನವನ್ನು ನೋಡಿರಿ: ಅದಕ್ಕೆ ಇಮ್ಮಡಿಯೂ ಇಲ್ಲ, ಕೊರತೆಯೂ ಇಲ್ಲ. ಆ ದಿನಕ್ಕೆ ತಕ್ಕ ಅಳತೆ ಆ ದಿನವೇ ದೊರೆಯಿತು. ನಾಳೆಯ ಭಾರವನ್ನು ಇಂದೇ ಹೊರುವವನಿಗೆ ಬೆನ್ನು ಬಾಗುವದು ಆಶ್ಚರ್ಯವಲ್ಲ. ದೇವರು ಅವನಿಗೆ ಇಂದು ಕೊಟ್ಟಿರುವದು ಇಂದಿನ ಬಲವನ್ನು ಮಾತ್ರವೇ.

ಹಾಗಾದರೆ ಬಿತ್ತನೆಯ ಬೀಜವನ್ನು ಕಟ್ಟಿಡಬಾರದೋ, ಕಂತಿಗೆಂದು ಹಣವನ್ನು ತೆಗೆದಿಡಬಾರದೋ ಎಂದು ಕೆಲವರು ಕೇಳುವರು. ಹಾಗಲ್ಲ. ಆರನೆಯ ದಿನ ಅದೇ ಜನರು ದೇವರ ಅಪ್ಪಣೆಯಂತೆ ಇಮ್ಮಡಿ ಕೂಡಿಸಿ ಮರುದಿನಕ್ಕೆ ಇಟ್ಟರು, ಅದು ಕೆಡಲಿಲ್ಲ. ಯೋಸೇಫನೂ ಸುಭಿಕ್ಷದ ಏಳು ವರುಷಗಳಲ್ಲಿ ಬೆಳೆಯ ಐದರಲ್ಲೊಂದು ಪಾಲನ್ನು ಕೂಡಿಸಿಡಬೇಕೆಂದು ಫರೋಹನಿಗೆ ಆಲೋಚನೆ ಹೇಳಿ, ಬರಗಾಲದಲ್ಲಿ ದೇಶವನ್ನು ಬದುಕಿಸಿದನು. ಆದದರಿಂದ ಮುಂದಾಲೋಚನೆ ಬೇರೆ, ಚಿಂತೆ ಬೇರೆ. ಮುಂದಾಲೋಚನೆಯು ಇಂದೇ ಕೈಯಿಂದ ಮಾಡಿ ಮುಗಿಸುವ ಕೆಲಸವು. ಚಿಂತೆಗೆ ಕೈಯೂ ಇಲ್ಲ, ಕೊನೆಯೂ ಇಲ್ಲ. ಕೆಮ್ಮುವ ಮಗುವನ್ನು ಆಸ್ಪತ್ರೆಗೆ ಕರಕೊಂಡು ಹೋಗುವದು ಮುಂದಾಲೋಚನೆ. ಕರಕೊಂಡು ಹೋಗದೆ ರಾತ್ರಿಯೆಲ್ಲಾ ನಿಟ್ಟುಸಿರುಬಿಡುವದು ಚಿಂತೆ.

ಇನ್ನೊಂದು ಮಾತು. ಕಣಜ ತುಂಬಿದವನು ಬರಿಗೈಯವನಿಗೆ, ಚಿಂತಿಸಬೇಡ, ದೇವರು ಕೊಡುವನು ಎಂದು ಹೇಳಿ ಬಾಗಲು ಮುಚ್ಚಿದರೆ ಅದು ನಂಬಿಕೆಯಲ್ಲ, ಕಲ್ಲೆದೆ. ಮನ್ನವನ್ನು ಅಳೆದಾಗ ಬಹಳ ಕೂಡಿಸಿದವನಿಗೆ ಮಿಗಲಿಲ್ಲ, ಸ್ವಲ್ಪ ಕೂಡಿಸಿದವನಿಗೆ ಕಡಿಮೆಯಾಗಲಿಲ್ಲ. ಪೌಲನು ಕೊರಿಂಥದ ಸಭೆಗೆ ಬರೆದ ಎರಡನೆಯ ಪತ್ರಿಕೆಯಲ್ಲಿ ಈ ಸಂಗತಿಯನ್ನೇ ನೆನಪಿಗೆ ತಂದು, ಯೆರೂಸಲೇಮಿನ ಬಡವರಿಗಾಗಿ ಹಣ ಕೂಡಿಸಲು ಅವರನ್ನು ಎಬ್ಬಿಸಿದನು. ಅನೇಕ ಸಾರಿ ಒಬ್ಬನ ಬುಧವಾರದ ಮನ್ನವನ್ನು ದೇವರು ನೆರೆಯವನ ಕೈಯಲ್ಲಿ ಇಟ್ಟಿರುತ್ತಾನೆ. ಕರ್ತನು ಕಲಿಸಿದ ಪ್ರಾರ್ಥನೆಯಲ್ಲಿ ನಾವು ರೊಟ್ಟಿಯನ್ನು ಕೇಳುವದು ‘ನನಗೆ’ ಎಂದಲ್ಲ, ‘ನಮಗೆ’ ಎಂದೇ.

ಆದದರಿಂದ, ಸಹೋದರ ಸಹೋದರಿಯರೇ, ವಾರದ ನಡುವೆ ಮನಸ್ಸು ಕುಗ್ಗಿದಾಗ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಿರಿ. ಇಂದು ನಾನು ಮಾಡತಕ್ಕ ಕೆಲಸವೇನು? ಅದನ್ನು ಮಾಡಿರಿ. ಇಂದು ನನಗೆ ದೊರೆತದ್ದೇನು? ಅದಕ್ಕಾಗಿ ಸ್ತೋತ್ರಮಾಡಿರಿ. ಇಂದು ನನ್ನ ಓಣಿಯಲ್ಲಿ ಒಲೆ ಹೊತ್ತದ ಮನೆ ಯಾವದು? ಅಲ್ಲಿಗೆ ಹೋಗಿರಿ. ಮನೆಗಳಲ್ಲಿ ಕೂಡುವ ಪ್ರಾರ್ಥನೆಯಲ್ಲಿ ನಿಮ್ಮ ಕೊರತೆಯನ್ನು ನಾಚದೆ ಹೇಳಿಕೊಳ್ಳಿರಿ. ಬಚ್ಚಿಟ್ಟ ಕೊರತೆಗೆ ಯಾರೂ ನೆರವಾಗಲಾರರು. ಉಳಿದದ್ದನ್ನು ಕರ್ತನಿಗೆ ಒಪ್ಪಿಸಿ ಮಲಗಿರಿ. ಗುರುವಾರದ ಮನ್ನವು ಗುರುವಾರದ ಮಂಜಿನ ಸಂಗಡಲೇ ಬೀಳುವದು.