ಹಿಟ್ಟಿನ ಕೋಳಿಯೂ ನಿಪ್ಪಟ್ಟಿನ ಪರಿಮಳವೂ

ಕಳೆದ ಭಾದ್ರಪದದಲ್ಲಿ, ದಶಲಕ್ಷಣ ಪರ್ವಕ್ಕೆ ಇನ್ನು ನಾಲ್ಕಾರು ದಿನಗಳಿರುವಾಗ, ಬಸವೇಶ್ವರನಗರದ ನಮ್ಮ ಮನೆಯಲ್ಲಿ ಒಂದು ಸಣ್ಣ ಪ್ರಸಂಗ ನಡೆಯಿತು. ಪ್ರಸಂಗ ಸಣ್ಣದಾದರೂ ಅದರಿಂದೆದ್ದ ಪ್ರಶ್ನೆ ಸಣ್ಣದಲ್ಲವೆಂದು ತೋರಿದ್ದರಿಂದ ಶ್ರಾವಕ ಶ್ರಾವಿಕೆಯರ ಮುಂದೆ ಇಡುತ್ತಿದ್ದೇನೆ.

ನಮ್ಮ ಸೊಸೆ ಶ್ರದ್ಧಾವಂತೆ. ಹಿಟ್ಟಿಗೆ ಮಳೆಗಾಲದಲ್ಲಿ 3 ದಿನ, ಬೇಸಿಗೆಯಲ್ಲಿ 5 ದಿನ, ಚಳಿಗಾಲದಲ್ಲಿ 7 ದಿನ ಎಂಬ ಮರ್ಯಾದೆಯನ್ನು ತಪ್ಪದೆ ಪಾಲಿಸುವವಳು. ಆ ಸಂಜೆ, ಸೂರ್ಯಾಸ್ತಕ್ಕೆ ಮೊದಲೇ, ನಿಪ್ಪಟ್ಟನ್ನೂ ಒಗ್ಗರಣೆಯ ಅವಲಕ್ಕಿಯನ್ನೂ ತಂದಿಟ್ಟಳು. ಬಾಯಿಗಿಟ್ಟೊಡನೆ ಇಂಗಿನದೂ ಅಲ್ಲದ, ತುಪ್ಪದ್ದೂ ಅಲ್ಲದ, ನಾನು ಎಂದೂ ಅರಿಯದ ಒಂದು ಗಾಢ ಪರಿಮಳ. ಎರಡನೆಯ ನಿಪ್ಪಟ್ಟನ್ನು ಕೇಳಿ ಹಾಕಿಸಿಕೊಂಡೆನೆಂಬುದನ್ನು ಮರೆಮಾಚಲಾರೆ. “ಇದೇನು ತಾಯಿ?” ಎಂದು ಕೇಳಿದೆ. ರಾಜಾಜಿನಗರದ ಅಂಗಡಿಯೊಂದರಿಂದ ತಂದ ಪುಟ್ಟ ಸೀಸೆಯನ್ನು ತೋರಿಸಿದಳು. ಅದು ಟ್ರಫಲ್ ಪರಿಮಳದ ಎಣ್ಣೆ.

ಟ್ರಫಲ್ ಎಂಬುದು ಓಕ್, ಹೇಜಲ್ ಮೊದಲಾದ ಮರಗಳ ಬೇರನ್ನು ಆಶ್ರಯಿಸಿ ನೆಲದೊಳಗೇ ಬೆಳೆಯುವ ಒಂದು ಬಗೆಯ ಅಣಬೆ. ಇಟಲಿ, ಫ್ರಾನ್ಸ್ ದೇಶಗಳಲ್ಲಿ ಪಳಗಿಸಿದ ನಾಯಿಗಳಿಂದ ಮೂಸಿಸಿ ಅಗೆದು ತೆಗೆಯುತ್ತಾರೆ. ಹಿಂದೆ ಹಂದಿಗಳನ್ನೂ ಬಳಸುತ್ತಿದ್ದರು. ಇದು ಪರದೇಶದ ವಿಷಯವೆಂದು ತಳ್ಳಿಹಾಕುವಂತಿಲ್ಲ. ನಮ್ಮ ಮೂಡಬಿದಿರೆ, ಕಾರ್ಕಳಗಳ ಕಡೆ ಮೊದಲ ಮಳೆಗಳಾದ ಮೇಲೆ ಮುರಕಲ್ಲಿನ ನೆಲವನ್ನು ಕೆದಕಿ ಕಲ್ಲಣಬೆಯನ್ನು ತೆಗೆಯುತ್ತಾರೆ. ಜಾತಿ ಬೇರೆಯಾದರೂ ಮಣ್ಣಿನೊಳಗೆ ಹುಟ್ಟುವ ರೀತಿಯಲ್ಲಿ ಅದೂ ಇದರ ಬಂಧುವೇ. ಅಣಬೆ ಅನಂತಕಾಯವೆಂದೂ, ಒಂದೇ ಶರೀರದಲ್ಲಿ ಅನಂತ ಜೀವಗಳಿಗೆ ಅದು ಆಶ್ರಯವೆಂದೂ ತಿಳಿದ ಶ್ರಾವಕನಿಗೆ ಎರಡೂ ವರ್ಜ್ಯ.

ನನ್ನ ಮುಖವನ್ನು ಕಂಡು ಸೊಸೆ, “ಮಾವ, ಇದರಲ್ಲಿ ಅಣಬೆಯೇ ಇಲ್ಲ. ಸೀಸೆಯ ಮೇಲಿನ ಬರಹವನ್ನು ಪೂರ್ತಿ ಓದಿಯೇ ತಂದಿದ್ದೇನೆ. ಎಣ್ಣೆ ಮತ್ತು ಕೃತಕ ಪರಿಮಳ, ಅಷ್ಟೆ” ಎಂದಳು. ಅವಳ ಮಾತು ನಿಜ. ಪೇಟೆಯಲ್ಲಿ ಸಿಗುವ ಇಂಥ ಎಣ್ಣೆಗಳಲ್ಲಿ ಹೆಚ್ಚಿನವಕ್ಕೆ ಗಂಧ ಬರುವುದು ಕಾರ್ಖಾನೆಯಲ್ಲಿ ತಯಾರಾದ 2,4-ಡೈಥಯಾಪೆಂಟೇನ್ ಎಂಬ ಗಂಧಕಯುಕ್ತ ವಸ್ತುವಿನಿಂದ. ಆದರೆ ಎಲ್ಲ ಸೀಸೆಗಳೂ ಒಂದೇ ಅಲ್ಲ. ಕೆಲವದರಲ್ಲಿ ಟ್ರಫಲ್‌ನ ಚೂರುಗಳಿರುತ್ತವೆ. ಟ್ರಫಲ್ ಉಪ್ಪಿನಲ್ಲಿ ಅದರ ಒಣ ತುಣುಕುಗಳನ್ನು ಬೆರೆಸುವುದುಂಟು. ಹಸಿರು ಚಿಹ್ನೆಯೊಂದನ್ನೇ ನಂಬಿದರೆ ಸಾಲದು. ಮಾಂಸ, ಮೀನು, ಮೊಟ್ಟೆಗಳಿಲ್ಲವೆಂದು ಆ ಚಿಹ್ನೆ ಹೇಳುತ್ತದೆ. ಅಣಬೆಗೂ ಬೆಳ್ಳುಳ್ಳಿಗೂ ಅದೇ ಹಸಿರು ಚಿಹ್ನೆ.

ನಮ್ಮ ಮನೆಯ ಸೀಸೆಯಲ್ಲಿ ಅಣಬೆ ಇರಲಿಲ್ಲ. ಹಾಗಾದರೆ ಅಣಬೆಯಿಲ್ಲದ ಅಣಬೆಯ ಪರಿಮಳದಿಂದ ವ್ರತಕ್ಕೆ ಊನವುಂಟೆ?

ಪ್ರಮಾದದಿಂದ ಪ್ರಾಣಗಳಿಗೆ ಉಂಟಾಗುವ ಘಾತವನ್ನು ಉಮಾಸ್ವಾಮಿಗಳು ಹಿಂಸೆಯೆಂದರು. ಇಲ್ಲಿ ಅಣಬೆಯ ಒಂದು ಜೀವಕ್ಕೂ ಘಾತವಿಲ್ಲ. ಆದ್ದರಿಂದ ದ್ರವ್ಯಹಿಂಸೆಯ ಲೆಕ್ಕದಲ್ಲಿ ಸೊಸೆ ನಿರ್ದೋಷಿ. ಇದನ್ನು ಅವಳಿಗೆ ಮೊದಲೇ ಹೇಳಿದೆ. ಆದರೆ ಜನ್ನ ಕವಿಯ ಯಶೋಧರ ಚರಿತೆಯನ್ನು ಬಲ್ಲ ಕನ್ನಡ ಜೈನನಿಗೆ ವಿಚಾರ ಅಲ್ಲಿಗೇ ನಿಲ್ಲುವುದಿಲ್ಲ. 1209ರಲ್ಲಿ ರಚಿತವಾದ ಆ ಕಾವ್ಯದಲ್ಲಿ ಯಶೋಧರ ರಾಜನು ಪ್ರಾಣಿಬಲಿಗೆ ಒಪ್ಪದೆ, ತಾಯಿ ಚಂದ್ರಮತಿಯ ಒತ್ತಾಯಕ್ಕೆ ಮಣಿದು ಹಿಟ್ಟಿನ ಕೋಳಿಯನ್ನು ಬಲಿಕೊಡುತ್ತಾನೆ. ಕಡಿದದ್ದು ಹಿಟ್ಟನ್ನೇ, ಆದರೂ ಸಂಕಲ್ಪ ಕೋಳಿಯದಾಗಿತ್ತು. ಅದರ ಫಲವಾಗಿ ಮಗ ನವಿಲಾಗಿ, ತಾಯಿ ನಾಯಿಯಾಗಿ, ಹೀಗೆ ಭವಭವಗಳಲ್ಲಿ ತೊಳಲುತ್ತಾರೆ.

ಇದನ್ನು ಕೇಳಿ ಸೊಸೆ ಸುಮ್ಮನಾಗಲಿಲ್ಲ. “ಹಾಗಾದರೆ ಪರ್ವದಲ್ಲಿ ಆಲೂಗಡ್ಡೆಯ ಬದಲು ಬಾಳೆಕಾಯಿ ಹಾಕಿ ಬೋಂಡ ಮಾಡುತ್ತೇವಲ್ಲ, ಬೆಳ್ಳುಳ್ಳಿ ಬಿಟ್ಟವರು ಇಂಗು ಹಾಕುತ್ತಾರಲ್ಲ, ಅವೂ ಹಿಟ್ಟಿನ ಕೋಳಿಗಳೇ ಏನು?” ಎಂದು ಕೇಳಿದಳು. ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದ ನಾನು ಆ ಪ್ರಶ್ನೆಗೆ ತಟ್ಟನೆ ಉತ್ತರ ಕೊಡಲಾರದೆ ಹೋದೆ.

ಉತ್ತರದ ದಾರಿಯನ್ನು ತೋರಿಸಿದವನು ಎಂಟನೆಯ ತರಗತಿಯಲ್ಲಿ ಓದುವ ಮೊಮ್ಮಗ. ಅವಲಕ್ಕಿಯ ತಟ್ಟೆಯನ್ನು ಬರಿದು ಮಾಡಿ ಅವನು, “ತಾತ, ಸುಳ್ಳು ಟ್ರಫಲ್ಲೇ ಇಷ್ಟು ಚೆನ್ನಾಗಿದ್ದರೆ ನಿಜವಾದದ್ದು ಹೇಗಿರಬಹುದು?” ಎಂದ. ಅವನ ತಾಯಿಯೂ ನಾನೂ ಒಬ್ಬರ ಮುಖವನ್ನೊಬ್ಬರು ನೋಡಿದೆವು.

ಬಾಳೆಕಾಯಿಯ ಬೋಂಡ ತಿಂದು ಆಲೂಗಡ್ಡೆಗಾಗಿ ಹಂಬಲಿಸಿದವರನ್ನು ನಾನು ಕಂಡಿಲ್ಲ. ಬಾಳೆಕಾಯಿಗೆ ತನ್ನದೇ ರುಚಿಯುಂಟು. ಬಿಡುವವನಿಗೆ ಅದು ಊರುಗೋಲಾಗುತ್ತದೆ. ಇಂಗೂ ಹಾಗೆಯೇ. ಆದರೆ ನಮ್ಮ ಮನೆಯಲ್ಲಿ ತಲೆತಲಾಂತರದಿಂದ ಯಾರೂ ಅಣಬೆಯ ರುಚಿಯನ್ನು ಅರಿತವರಲ್ಲ, ಅದಕ್ಕಾಗಿ ಆಸೆಪಟ್ಟವರೂ ಅಲ್ಲ. ಬಿಡಬೇಕಾದ ಆಸೆಯೇ ಇಲ್ಲದಿದ್ದಲ್ಲಿ ಆ ಸೀಸೆ ಹೊಸದೊಂದು ಆಸೆಯನ್ನು ಹುಟ್ಟಿಸಿತು. ಊರುಗೋಲೆಂದುಕೊಂಡು ತಂದದ್ದು ಹುಡುಗನಿಗೆ ಮೆಟ್ಟಿಲಾಯಿತು.

ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಭೋಗೋಪಭೋಗ ಪರಿಮಾಣ ವ್ರತವನ್ನು ಹೇಳುವಾಗ, ಫಲ ಅಲ್ಪವಾಗಿ ಘಾತ ಬಹಳವಾದ ಮೂಲಂಗಿ, ಹಸಿಶುಂಠಿ ಮುಂತಾದವನ್ನು ಬಿಡಬೇಕೆಂದರು. ಅಷ್ಟಕ್ಕೇ ನಿಲ್ಲಿಸದೆ, ಸೇವನೆಗೆ ಉಚಿತವಲ್ಲದ್ದನ್ನೂ ತ್ಯಜಿಸಬೇಕೆಂದರು. ಯೋಗ್ಯವಾದ ವಿಷಯದಿಂದಲೂ ಬುದ್ಧಿಪೂರ್ವಕವಾಗಿ ದೂರವಾಗುವುದೇ ವ್ರತವೆಂದರು. ಬಾಹ್ಯ ತಪಸ್ಸುಗಳು ಆರರಲ್ಲಿ ರಸಪರಿತ್ಯಾಗವೂ ಒಂದು. ಹಾಲು, ಮೊಸರು, ತುಪ್ಪ, ಎಣ್ಣೆ, ಸಕ್ಕರೆ, ಉಪ್ಪು ಇವು ಅಭಕ್ಷ್ಯಗಳಲ್ಲ. ಆದರೂ ನೋಂಪಿ ಹಿಡಿದ ನಮ್ಮ ತಾಯಂದಿರು ಇವುಗಳಲ್ಲಿ ಒಂದನ್ನೋ ಎರಡನ್ನೋ ಬಿಟ್ಟು ಉಣ್ಣುತ್ತಾರೆ, ನಾಲಗೆ ತಮ್ಮ ಒಡೆತನಕ್ಕೆ ಬರಲೆಂದು. ಉಪ್ಪನ್ನೇ ಬಿಡಬಲ್ಲವರಿಗೆ ಈ ಪರಿಮಳ ದೊಡ್ಡದೇ?

ನನಗೆ ದೊಡ್ಡದಾಯಿತು. ಅನಂತ ಚತುರ್ದಶಿಯಂದು ಎಂದಿನಂತೆ ಉಪವಾಸವಿದ್ದೆ. ಹಿಂದಿನ ವರ್ಷಗಳಲ್ಲಿ ಮಧ್ಯಾಹ್ನದ ಹೊತ್ತಿಗೆ ಹಸಿವಾದರೆ ಅನ್ನ ನೆನಪಾಗುತ್ತಿತ್ತು. ಈ ಸಲ, ಸ್ವಾಧ್ಯಾಯದ ಪುಸ್ತಕ ಕೈಯಲ್ಲಿರುವಾಗಲೇ, ಆ ನಿಪ್ಪಟ್ಟಿನ ಪರಿಮಳ ನೆನಪಾಯಿತು. ಒಂದೇ ಸಂಜೆ ತಿಂದದ್ದು ಹತ್ತು ದಿನಗಳ ಪರ್ವವನ್ನು ದಾಟಿ ನನ್ನ ಉಪವಾಸದೊಳಗೆ ಬಂದು ಕುಳಿತಿತ್ತು. ಹೊಟ್ಟೆ ಉಪವಾಸವಿತ್ತು, ನಾಲಗೆಗೆ ಉಪವಾಸವಿರಲಿಲ್ಲ.

ಆ ಎಣ್ಣೆಯನ್ನು ಅಭಕ್ಷ್ಯವೆಂದು ಸಾರುವ ಅಧಿಕಾರ ನನಗಿಲ್ಲ. ಅದು ತ್ಯಾಗಿಗಳಿಗೂ ಪಂಡಿತರಿಗೂ ಬಿಟ್ಟ ವಿಷಯ. ಇಷ್ಟನ್ನು ಮಾತ್ರ ಬಿನ್ನವಿಸುತ್ತೇನೆ. ಹೊಸ ತಿನಿಸೊಂದು ಮನೆಗೆ ಬಂದಾಗ ಇದರಲ್ಲಿ ಏನಿದೆ ಎಂದು ಸೀಸೆಯನ್ನು ಓದುವುದು ಅಗತ್ಯ. ಅದಾದ ಮೇಲೆ, ಇದು ನಮಗೆ ಬಿಡುವುದನ್ನು ಕಲಿಸುತ್ತದೆಯೋ ಬಯಸುವುದನ್ನು ಕಲಿಸುತ್ತದೆಯೋ ಎಂದು ನಮ್ಮನ್ನು ನಾವೇ ಕೇಳಿಕೊಳ್ಳುವುದೂ ಅಗತ್ಯ. ಮೊದಲನೆಯ ಪ್ರಶ್ನೆಗೆ ಉತ್ತರ ಸೀಸೆಯ ಮೇಲಿರುತ್ತದೆ. ಎರಡನೆಯದಕ್ಕೆ ಉಪವಾಸದ ದಿನ ಮಧ್ಯಾಹ್ನ ಸಿಗುತ್ತದೆ.

ಮುಂದಿನ ಭಾದ್ರಪದದವರೆಗೆ ಆ ಪರಿಮಳ ನನಗೆ ಬೇಡವೆಂದು ನಿಯಮ ಮಾಡಿಕೊಂಡಿದ್ದೇನೆ. ಸೊಸೆಗೆ ಏನನ್ನೂ ವಿಧಿಸಲಿಲ್ಲ. ಪಾರಣೆಯ ದಿನ ಅವಳು ಬಡಿಸಿದ ನಿಪ್ಪಟ್ಟಿನಲ್ಲಿ ಇಂಗು, ಕರಿಬೇವು, ಎಳ್ಳು ಇದ್ದವು. ಸೀಸೆ ಇನ್ನೂ ಮೇಲಿನ ಗೂಡಿನಲ್ಲಿದೆ; ಅದರ ಮಾತನ್ನು ಅವಳೂ ಎತ್ತಿಲ್ಲ, ನಾನೂ ಎತ್ತಿಲ್ಲ.