ಹಳೆಯ ದೋಣಿಗೆ ಹೊಸ ಹೊಳಪು



'ಮೇಲೆ ಥಳಕು, ಒಳಗೆ ಹುಳುಕು' ಎಂಬ ಗಾದೆಯನ್ನು ನೀವೆಲ್ಲರೂ ಬಲ್ಲಿರಿ. ಹೊಳೆಯುವುದನ್ನು ಕಂಡಾಗಲೆಲ್ಲ ಅನುಮಾನಿಸಲು ಈ ಗಾದೆ ನಮಗೆ ಕಲಿಸಿದೆ. ಆದರೆ ಹೊರಮೈಯನ್ನು ಚೆಂದಗೊಳಿಸುವುದೆಲ್ಲ ಮೋಸವೇ? ಹಳೆಯದಕ್ಕೆ ಹೊಸ ರೂಪ ಕೊಡುವುದು ಯಾವಾಗ ಆರೈಕೆಯಾಗುತ್ತದೆ, ಯಾವಾಗ ವಂಚನೆಯಾಗುತ್ತದೆ? ಒಂದು ಹಳೆಯ ದೋಣಿಯನ್ನು ಮುಂದಿಟ್ಟುಕೊಂಡು ಇದನ್ನು ಯೋಚಿಸೋಣ.

1959ರಲ್ಲಿ ಅಮೆರಿಕದ ನ್ಯೂಯಾರ್ಕ್ ದೋಣಿ ಪ್ರದರ್ಶನದಲ್ಲಿ 'ಪಿಯರ್ಸನ್ ಟ್ರೈಟನ್' ಎಂಬ ಹಾಯಿದೋಣಿ ಜನರ ಮುಂದೆ ಬಂತು. ಉದ್ದ 28 ಅಡಿ. ವಿನ್ಯಾಸ ಕಾರ್ಲ್ ಆಲ್ಬರ್ಗ್ ಅವರದು. ರೋಡ್ ಐಲೆಂಡ್ ರಾಜ್ಯದ ಬ್ರಿಸ್ಟಲ್ ಪಟ್ಟಣದಲ್ಲಿ ತಯಾರಾದ ಈ ದೋಣಿಯ ಮೈ ಮರದ್ದಲ್ಲ. ಗಾಜಿನ ನಾರನ್ನು ರಾಳದಲ್ಲಿ ಅದ್ದಿ ಅಚ್ಚಿನಲ್ಲಿ ಪದರ ಪದರವಾಗಿ ಕೂರಿಸಿದ ಫೈಬರ್‌ಗ್ಲಾಸ್. ನಮ್ಮ ಕರಾವಳಿಯ ಮೀನುಗಾರರ ಫೈಬರ್ ದೋಣಿಗಳೂ ಇದೇ ಜಾತಿಯವು. ಆರು ದಶಕಗಳು ಕಳೆದರೂ ಹಲವು ಟ್ರೈಟನ್‌ಗಳು ಇಂದಿಗೂ ನೀರಿನ ಮೇಲಿವೆ. ಫೈಬರ್ ಮರದಂತೆ ಕೊಳೆಯದು, ಕಬ್ಬಿಣದಂತೆ ತುಕ್ಕು ಹಿಡಿಯದು. ಆದರೂ ಮುಪ್ಪು ಅದಕ್ಕೂ ತಪ್ಪಿದ್ದಲ್ಲ.

ಫೈಬರ್ ದೋಣಿಯ ಹೊರಗಿನ ಹೊಳಪಿನ ಪದರಕ್ಕೆ ಜೆಲ್‌ಕೋಟ್ ಎನ್ನುತ್ತಾರೆ. ಅದರ ದಪ್ಪ ಸುಮಾರು ಅರ್ಧ ಮಿಲಿಮೀಟರ್ ಮಾತ್ರ. ಬಿಸಿಲು ತಾಗಿ ತಾಗಿ ಅದು ಮಂಕಾಗುತ್ತದೆ. ಕೈಯಾಡಿಸಿದರೆ ಸೀಮೆಸುಣ್ಣದಂಥ ಪುಡಿ ಅಂಟುತ್ತದೆ. ಉಜ್ಜಿ ಮೇಣ ಹಚ್ಚಿದರೆ ಹೊಳಪು ಮರಳುತ್ತದೆ, ಆದರೆ ಪ್ರತಿ ಸಲ ಉಜ್ಜಿದಾಗಲೂ ಪದರ ತೆಳುವಾಗುತ್ತದೆ. ಕೊನೆಗೊಮ್ಮೆ ಬಣ್ಣ ಬಳಿಯಲೇಬೇಕು. ಹಳೆಯ ಮೇಣವನ್ನು ತೆಗೆದು, ಮರಳು ಕಾಗದದಿಂದ ಉಜ್ಜಿ, ಬಿರುಕು ತುಂಬಿ, ಪ್ರೈಮರ್ ಹಚ್ಚಿ, ಆಮೇಲೆ ಪಾಲಿಯುರಿಥೇನ್ ಬಣ್ಣ. ಬಣ್ಣಕ್ಕಿಂತ ಮೊದಲಿನ ತಯಾರಿಯೇ ದೊಡ್ಡ ಕೆಲಸ. ಇದರಲ್ಲಿ ಡಂಭವೇನೂ ಇಲ್ಲ. ಆ ಪದರ ಒಳಗಿನ ನಾರಿಗೆ ಕವಚ. ಅದನ್ನು ಕಾಪಾಡುವವನು ದೋಣಿಯನ್ನೂ ಅದರಲ್ಲಿ ಕೂರುವವರನ್ನೂ ಕಾಪಾಡುತ್ತಾನೆ. ಹಾಗಾದರೆ ಗಾದೆ ಸುಳ್ಳೇ? ಅಲ್ಲ. ಈಗ ಪದರದ ಕೆಳಗೆ ನೋಡೋಣ.

ನೀರಿನಲ್ಲಿ ಸದಾ ಮುಳುಗಿರುವ ಭಾಗದಲ್ಲಿ ತೇವವು ನಿಧಾನವಾಗಿ ಜೆಲ್‌ಕೋಟಿನೊಳಗೆ ಇಳಿದು ಗುಳ್ಳೆಗಳೇಳಬಹುದು. ಒಡೆದರೆ ಹುಳಿ ವಾಸನೆಯ ದ್ರವ ಹೊರಬರುತ್ತದೆ. ಗುಳ್ಳೆಗಳನ್ನು ಬಿಡಿಸಿ, ಸಿಹಿನೀರಿನಲ್ಲಿ ತೊಳೆದು, ವಾರಗಟ್ಟಲೆ ಒಣಗಿಸಿದ ಮೇಲೆ ಎಪಾಕ್ಸಿ ಹಚ್ಚಬೇಕು. ಒದ್ದೆಯ ಮೇಲೆಯೇ ಬಳಿದರೆ ರೋಗವನ್ನು ಒಳಗೆ ಕೂಡಿಹಾಕಿದಂತೆ. ಗುಳ್ಳೆಯಿಂದ ದೋಣಿ ಮುಳುಗುವುದು ಅಪರೂಪ. ಡೆಕ್ಕಿನ ಸಂಗತಿ ಬೇರೆ. ಅನೇಕ ದೋಣಿಗಳ ಡೆಕ್ಕಿನಲ್ಲಿ ಎರಡು ಫೈಬರ್ ಪದರಗಳ ನಡುವೆ ಬಾಲ್ಸಾ ಎಂಬ ಹಗುರ ಮರವಿರುತ್ತದೆ. ಬೋಲ್ಟಿನ ತೂತುಗಳಿಂದ ನೀರು ಇಳಿದರೆ ಆ ಮರ ಕೊಳೆಯುತ್ತದೆ. ಮೇಲಿಂದ ಏನೂ ಕಾಣದು. ಸಣ್ಣ ಸುತ್ತಿಗೆಯಿಂದ ತಟ್ಟಿದರೆ ಮಾತ್ರ ಗಟ್ಟಿ ಸದ್ದಿನ ಬದಲು ಮಂಕು ಸದ್ದು ಕೇಳುತ್ತದೆ. ಅಂಥ ಜಾಗದಲ್ಲಿ ನಿಲ್ಲಿಸಿದ ಕಂಬಿಗೆ ಅಲೆಯ ಹೊಡೆತದಲ್ಲಿ ಒಬ್ಬನು ಒರಗಿದರೆ ಕಂಬಿ ಕಿತ್ತು ಬರಬಹುದು. ಆಗ ಅವನ ಗತಿ?

ಈಗ ಯಜಮಾನನು ದೋಣಿಯನ್ನು ಮಾರಲು ಹೊರಟಿದ್ದಾನೆ ಎನ್ನಿ. ಕಂಬಿಯ ಬುಡದ ಸಣ್ಣ ಬಿರುಕುಗಳು ಹೊಸ ಬಣ್ಣದಡಿ ಮರೆಯಾಗಿವೆ. 'ಕೊಳ್ಳುವವನು ಕೇಳಲಿಲ್ಲ, ನಾನು ಹೇಳಲಿಲ್ಲ' ಎಂದು ಅವನು ಹೇಳಬಹುದೇ? 13ನೇ ಶತಮಾನದಲ್ಲಿ ಸಂತ ಥಾಮಸ್ ಅಕ್ವಿನಾಸರು ತಮ್ಮ 'ಸುಮ್ಮಾ ಥಿಯೊಲಾಜಿಯೆ' ಗ್ರಂಥದಲ್ಲಿ ಇದೇ ಪ್ರಶ್ನೆಯನ್ನು ವಿಚಾರಿಸಿದರು. ಒಕ್ಕಣ್ಣಿನ ಕುದುರೆಯ ಊನ ಎಲ್ಲರಿಗೂ ಕಾಣುತ್ತದೆ. ಬೆಲೆಯನ್ನು ನ್ಯಾಯವಾಗಿ ಇಳಿಸಿದರೆ ಸಾಕು, ಬಾಯಿಬಿಟ್ಟು ಹೇಳಬೇಕಾಗಿಲ್ಲ. ಆದರೆ ಬೀಳುವಂತಿರುವ ಮನೆಯನ್ನು ಭದ್ರವೆಂಬಂತೆ ಮಾರುವುದು ವಂಚನೆ. ದೋಷ ಗುಪ್ತವಾಗಿದ್ದು, ಅದರಿಂದ ಕೊಳ್ಳುವವನಿಗೆ ನಷ್ಟವೋ ಅಪಾಯವೋ ಆಗುವುದಾದರೆ ಮಾರುವವನು ತಿಳಿಸಲೇಬೇಕು. ತಿಳಿಸದಿದ್ದರೆ ನಷ್ಟ ತುಂಬಿಕೊಡಲು ಅವನು ಬದ್ಧ. ಇದು ಅವರ ತೀರ್ಮಾನ.

'ನನಗೂ ಗೊತ್ತಿರಲಿಲ್ಲ' ಎನ್ನುವವರಿದ್ದಾರೆ. ನಿಜವಾಗಿ ಗೊತ್ತಿಲ್ಲದವನು ಸುಳ್ಳುಗಾರನಲ್ಲ. ಆದರೆ ಕೊಳೆತದ್ದು ಕಂಡರೆ ಖರ್ಚು ಬಂದೀತೆಂದು ಸುತ್ತಿಗೆ ಎತ್ತದೆಯೇ ಬಣ್ಣದ ಡಬ್ಬಿ ತೆರೆದವನು? ಅವನದು ಬೇಕೆಂದೇ ಬರಮಾಡಿಕೊಂಡ ಅಜ್ಞಾನ. ನೀತಿಶಾಸ್ತ್ರದಲ್ಲಿ ಅಂಥ ಅಜ್ಞಾನಕ್ಕೆ ಕ್ಷಮೆಯ ಬಲವಿಲ್ಲ. ಅದು ತಪ್ಪನ್ನು ಹೆಚ್ಚಿಸುವುದೂ ಉಂಟು.

ಆದುದರಿಂದ ತಪ್ಪು ಹೊಳಪಿನದಲ್ಲ, ಕ್ರಮದ್ದು. ಮೊದಲು ತಟ್ಟಿ ನೋಡಬೇಕು, ಕೊಳೆತದ್ದನ್ನು ತೆಗೆಯಬೇಕು, ಒಣಗಿಸಬೇಕು, ಬಣ್ಣ ಆಮೇಲೆ. ಎಲ್ಲವನ್ನೂ ಸರಿಪಡಿಸಲು ಹಣ ಸಾಲದೆ ಹೋದರೆ ಪಾಪವೇನಿಲ್ಲ. ಎಲ್ಲಿ ಬಿಡಿಸಿದೆ, ಎಲ್ಲಿ ಬಿಡಿಸಲಿಲ್ಲ ಎಂದು ಒಂದು ಪುಸ್ತಕದಲ್ಲಿ ಬರೆದಿಟ್ಟು, ಕೊಳ್ಳುವವನ ಕೈಗೆ ಬೀಗದ ಕೈಯ ಜೊತೆಗೆ ಅದನ್ನೂ ಕೊಟ್ಟರಾಯಿತು.

ನಮ್ಮಲ್ಲಿ ಹಾಯಿದೋಣಿ ಮಾರುವವರು ವಿರಳ. ಆದರೆ ಹಳೆಯ ಸ್ಕೂಟರ್, ಕರೆಯುವ ಹಸು, ಸೋರುವ ಮನೆ ನಮ್ಮಲ್ಲೂ ಕೈ ಬದಲಾಗುತ್ತವೆ. ಮದುವೆಯ ಮಾತುಕತೆಗಳೂ ನಡೆಯುತ್ತವೆ. 'ಕೇಳಲಿಲ್ಲ, ಹೇಳಲಿಲ್ಲ' ಎಂಬ ಮಾತು ನಾಲಿಗೆಯ ತುದಿಗೆ ಬಂದಾಗ ನಿಮ್ಮನ್ನು ನೀವೇ ಕೇಳಿಕೊಳ್ಳಿ: ನಾನು ಬಳಿದ ಬಣ್ಣದ ಮೇಲೆ ನಂಬಿಕೆಯಿಟ್ಟು ನಾಳೆ ಒರಗಿ ನಿಲ್ಲುವವರು ಯಾರು?